ದಸರಾ ಸೂಟಿಯಿಂದ ರಾಜ್ಯೋತ್ಸವದ ತನಕ: ಧಾರವಾಡದಲ್ಲಿ ನಾಟಕದ ಸಂಜೆ ನಡೆಸುವ ಬಗೆ

ದಸರಾ ಸೂಟಿ ಬಿದ್ದಾಗಿನಿಂದ ನವೆಂಬರ್ 1ರ ತನಕ ಹುಬ್ಬಳ್ಳಿ-ಧಾರವಾಡದಲ್ಲಿ ನಾಟಕಕ್ಕೂ ಪುಸ್ತಕಕ್ಕೂ ಜನ ಸಿಗುತ್ತಾರೆ. ಸೂಟಿಯಲ್ಲಿ ಮಕ್ಕಳಿಗೆ ಶಾಲೆ ಇರುವುದಿಲ್ಲ, ಬೆಂಗಳೂರು-ಪುಣೆಯಲ್ಲಿರುವವರು ಊರಿಗೆ ಬಂದಿರುತ್ತಾರೆ. ಓಣಿಯ ಗೆಳೆಯರು ನಾಲ್ಕಾರು ಜನ ಸೇರಿದರೂ ಒಂದು ನಾಟಕ, ಜೊತೆಗೊಂದು ಪುಸ್ತಕ ಬಿಡುಗಡೆ ಇಟ್ಟುಕೊಂಡು ಸಂಜೆಯನ್ನು ಚೊಕ್ಕ ನಡೆಸಬಹುದು. ಆದರೆ ಒಂದು ಮಾತನ್ನು ಮೊದಲೇ ಒಪ್ಪಿಕೊಂಡು ಕೆಲಸಕ್ಕೆ ಇಳಿಯಬೇಕು: ಆಮಂತ್ರಣದಲ್ಲಿ ಅಚ್ಚು ಹಾಕಿಸಿದ ವೇಳೆಗೆ ಪರದೆ ಏಳಬೇಕು. ಉಳಿದ ಏರ್ಪಾಡೆಲ್ಲ ಇದಕ್ಕೆ ಹೊಂದಿಕೊಳ್ಳಬೇಕು.

ದಿನ ಗೊತ್ತು ಮಾಡುವಾಗ ಕ್ಯಾಲೆಂಡರಿನ ರವಿವಾರ ಮಾತ್ರ ನೋಡಿದರೆ ಸಾಲದು. ನವರಾತ್ರಿಯಲ್ಲಿ ದೀಪ ಹಾಕುವ ಮನೆಗಳ ಹಿರಿಯರು ರಾತ್ರಿ ಹೊರಗೆ ಉಳಿಯುವುದಿಲ್ಲ. ಮಠಗಳಲ್ಲಿ ಸಂಜೆ ಪುರಾಣ, ಪ್ರವಚನ ನಡೆದಿರುತ್ತವೆ. ವಿಜಯದಶಮಿಯ ಸಂಜೆ ಊರೆಲ್ಲ ಬನ್ನಿ ಕೊಡಲು ಮನೆ ಮನೆ ತಿರುಗುತ್ತಿರುತ್ತದೆ, ಆವತ್ತು ಎಂಥ ನಾಟಕ ಇಟ್ಟರೂ ಕುರ್ಚಿ ತುಂಬುವುದಿಲ್ಲ. ಸೀಗಿ ಹುಣ್ಣಿಮೆಗೆ ಹೊಲ ಇದ್ದವರು ಚರಗ ಚೆಲ್ಲಲು ಹಳ್ಳಿಗೆ ಹೋಗುತ್ತಾರೆ. ದೀಪಾವಳಿ ಅಮಾವಾಸ್ಯೆಗೆ ಅಂಗಡಿಗಳಲ್ಲಿ ಲಕ್ಷ್ಮೀ ಪೂಜೆ, ಹುಬ್ಬಳ್ಳಿಯ ವ್ಯಾಪಾರಸ್ಥರು ಯಾರೂ ಏಳುವುದಿಲ್ಲ. ಹೀಗಾಗಿ ಬನ್ನಿ ಮುಗಿದ ಮೇಲಿನ ಎರಡು ಮೂರು ದಿನ, ಇಲ್ಲವೆ ಸೀಗಿ ಹುಣ್ಣಿಮೆಗೂ ದೀಪಾವಳಿಗೂ ನಡುವಿನ ಶನಿವಾರ, ಇವೆರಡೇ ನಂಬಬಹುದಾದ ದಿನಗಳು. ರಾಜ್ಯೋತ್ಸವದ ವಾರದಲ್ಲಿ ಸಭಾಭವನ ಸಿಗುವುದೇ ಕಷ್ಟ. ಹೆಗ್ಗೋಡಿನ ನೀನಾಸಂ ತಿರುಗಾಟ ಅಥವಾ ಸಾಣೇಹಳ್ಳಿಯ ಶಿವಸಂಚಾರವನ್ನು ಕರೆಸುವ ಮನಸ್ಸಿದ್ದರೆ ಮಳೆಗಾಲದಲ್ಲೇ ಪತ್ರ ಬರೆಯಿರಿ. ಅವರು ಊರಿಂದೂರಿಗೆ ಸಾಲು ಕೂಡಿಸಿಕೊಂಡು ಬರುವವರು, ನಿಮ್ಮ ದಿನಕ್ಕಾಗಿ ದಾರಿ ಬದಲಿಸುವುದಿಲ್ಲ.

ಇನ್ನು ಜಾಗ. ಧಾರವಾಡದಲ್ಲಿ ಕರ್ನಾಟಕ ಕಾಲೇಜಿನ ಆವರಣದ ಸೃಜನಾ ರಂಗಮಂದಿರ, ಕಡಪಾ ಮೈದಾನದ ಕಲಾಭವನ, ರಂಗಾಯಣದ ಆವರಣ, 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಸಭಾಭವನ. ಹುಬ್ಬಳ್ಳಿಯಲ್ಲಿ ದೇಶಪಾಂಡೆ ನಗರದ ಸವಾಯಿ ಗಂಧರ್ವ ಕಲಾಮಂದಿರ. ಭಾಷಣಕ್ಕೆ ಹೇಳಿ ಮಾಡಿಸಿದ ಭವನ ನಾಟಕಕ್ಕೆ ಆಗಿಬರುತ್ತದೆ ಎಂದು ತಿಳಿಯಬೇಡಿ. ಬುಕ್ ಮಾಡುವ ಮುಂಚೆ ಟೇಪು ಹಿಡಿದುಕೊಂಡು ಹೋಗಿ ವೇದಿಕೆಯ ಅಗಲ, ಆಳ ಅಳೆಯಿರಿ; ಪಕ್ಕದಲ್ಲಿ ನಟರು ನಿಲ್ಲಲು ಜಾಗ ಇದೆಯೇ, ದೀಪ ಕಟ್ಟಲು ಮೇಲೆ ಪೈಪು ಇದೆಯೇ, ಬಣ್ಣದ ಮನೆಯಲ್ಲಿ ನೀರು ಬರುತ್ತದೆಯೇ ನೋಡಿ. ಕೊನೆಯ ಸಾಲಿನಲ್ಲಿ ಒಬ್ಬರನ್ನು ಕೂರಿಸಿ, ವೇದಿಕೆಯಿಂದ ಮೈಕಿಲ್ಲದೆ ಮಾತಾಡಿ. ಮಾತು ಮಾಡಿಗೆ ಬಡಿದು ಗೊಂಯ್‌ಗುಟ್ಟಿದರೆ ಆ ಭವನ ಪುಸ್ತಕ ಬಿಡುಗಡೆಗೆ ಸಾಕು, ನಾಟಕಕ್ಕೆ ಬೇಡ. ಬಾಡಿಗೆ ಯಾವ ಹೊತ್ತಿನಿಂದ ಯಾವ ಹೊತ್ತಿಗೆ ಎಂಬುದನ್ನು ರಸೀದಿಯ ಮೇಲೇ ಬರೆಸಿಕೊಳ್ಳಿ. ಸಂಜೆ ನಾಲ್ಕಕ್ಕೆ ಬೀಗ ತೆಗೆದುಕೊಟ್ಟರೆ ಆರೂವರೆಯ ನಾಟಕಕ್ಕೆ ದೀಪ ಕಟ್ಟಲಾಗದು. ಮುಂಜಾನೆ ಹತ್ತಕ್ಕೆ ಬೇಕು.

ಅಕ್ಟೋಬರಿನಲ್ಲಿ ಬಯಲು ರಂಗಮಂದಿರದ ಆಸೆ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಹಿಂಗಾರು ಮಳೆ ಮಧ್ಯಾಹ್ನ ಮೋಡ ಕಟ್ಟಿ ಸಂಜೆಗೆ ಸುರಿಯುತ್ತದೆ, ನೆಲದ ಮೇಲೆ ಹಾಸಿದ ಕೇಬಲ್ಲಿಗೂ ನೀರಿಗೂ ಕೂಡಿ ಬರುವುದಿಲ್ಲ. ಮೇಲಾಗಿ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಪೊಲೀಸ್ ಪರವಾನಗಿ ಬೇಕು, ರಾತ್ರಿ ಹತ್ತಕ್ಕೆ ಅದು ಬಂದ್ ಆಗಬೇಕು.

ನಾಟಕದ ಹಕ್ಕಿನ ವಿಷಯದಲ್ಲಿ ನಮ್ಮಲ್ಲಿ ಸಡಿಲು ಬಹಳ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿದಿರುತ್ತದೆ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಅವರ ನಾಟಕಗಳಿಗೆ ಈಗ ಯಾರನ್ನೂ ಕೇಳಬೇಕಿಲ್ಲ. ನಮ್ಮ ಶ್ರೀರಂಗರು ತೀರಿಕೊಂಡದ್ದು 1984ರಲ್ಲಿ, ಅವರ ನಾಟಕಗಳಿಗೆ 2044 ಮುಗಿಯುವ ತನಕ ಕೇಳಲೇಬೇಕು. ಹಕ್ಕುದಾರರ ವಿಳಾಸ ಗೊತ್ತಿಲ್ಲದಿದ್ದರೆ ಪ್ರಕಾಶಕರನ್ನು ಕೇಳಿ. 1933ರಿಂದ ನಡೆದು ಬಂದ ಮನೋಹರ ಗ್ರಂಥಮಾಲೆ ಸುಭಾಸ ರಸ್ತೆಯಲ್ಲೇ ಇದೆ; ಗಿರೀಶ ಕಾರ್ನಾಡರ ನಾಟಕ ಆಡುವವರು ಅಲ್ಲಿಂದಲೇ ಶುರು ಮಾಡಬಹುದು. ಅನುಮತಿ ಬರಹದಲ್ಲಿರಲಿ. ಅದರಲ್ಲಿ ಎಷ್ಟು ಪ್ರದರ್ಶನ, ಯಾವ ದಿನ, ಗೌರವಧನ ಎಷ್ಟು ಎಂಬ ಮೂರೂ ಇರಲಿ.

ಸಂಜೆಯನ್ನು ಕತ್ತಲಿಗೆ ಕೆಡಹುವುದು ಬಹುಮಟ್ಟಿಗೆ ವಿದ್ಯುತ್ತಿನ ಲೆಕ್ಕ. 1000 ವ್ಯಾಟಿನ ಹ್ಯಾಲೊಜೆನ್ ದೀಪ ಹನ್ನೆರಡು ಹಚ್ಚಿದರೆ 12,000 ವ್ಯಾಟ್, 230 ವೋಲ್ಟಿನಲ್ಲಿ ಸುಮಾರು 52 ಆಂಪಿಯರ್. ಇದನ್ನು ಒಂದೇ ಫೇಸಿಗೆ ಹಾಕಿದರೆ ದೃಶ್ಯ ಕಾವೇರುವ ಹೊತ್ತಿಗೆ, ಅಂದರೆ ಎಲ್ಲ ದೀಪ ಒಟ್ಟಿಗೆ ಏರಿದಾಗ, ಎಂಸಿಬಿ (ಭಾರ ಹೆಚ್ಚಾದರೆ ತಾನೇ ಕರೆಂಟು ಕಡಿಯುವ ಸ್ವಿಚ್ಚು) ಬೀಳುತ್ತದೆ. ಮೂರು ಫೇಸಿಗೆ ನಾಲ್ಕು ನಾಲ್ಕು ಹಂಚಿದರೆ ಒಂದಕ್ಕೆ ಹದಿನೇಳೂವರೆ ಆಂಪಿಯರ್ ಆಸುಪಾಸು ಬರುತ್ತದೆ. ಗೋಡೆಯ 15 ಆಂಪಿಯರ್ ಪ್ಲಗ್ಗಿಗೆ ಇಂಥ ದೀಪ ಮೂರಕ್ಕಿಂತ ಹೆಚ್ಚು ಸಿಕ್ಕಿಸಬೇಡಿ. ಹಳೆಯ ಭವನವಾದರೆ ಎರಡೇ. ಎಲ್ಇಡಿ ಪಾರ್ ದೀಪ ಸಿಕ್ಕರೆ ಭಾರ ತೀರಾ ಕಡಿಮೆಯಾಗುತ್ತದೆ, ಆದರೆ ಅಗ್ಗದ ಎಲ್ಇಡಿಯಲ್ಲಿ ಮುಖದ ಬಣ್ಣ ಬಿಳಚಿಕೊಳ್ಳುತ್ತದೆ. ಹಾಗಾಗಿ ಮುಂದಿನಿಂದ ಮುಖಕ್ಕೆ ಬೀಳುವ ನಾಲ್ಕು ಹ್ಯಾಲೊಜೆನ್ ಇರಲಿ, ಹಿಂಬದಿಯ ಬಣ್ಣಕ್ಕೆ ಎಲ್ಇಡಿ ಸಾಕು. ಧ್ವನಿಯ ವೈರನ್ನು, ದೀಪದ ಬೆಳಕು ಏರಿಳಿಸುವ ಡಿಮ್ಮರಿನ ವೈರಿನ ಜೊತೆ ಒಟ್ಟಿಗೆ ಎಳೆದರೆ ಸ್ಪೀಕರಿನಲ್ಲಿ ಜುಂಯ್ ಎಂಬ ಸದ್ದು ಬರುತ್ತದೆ. ಎರಡನ್ನೂ ಬೇರೆ ಬೇರೆ ಗೋಡೆಗುಂಟ ಒಯ್ಯಿರಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ. ಕರೆಂಟು ಹೋದರೆ ಜನರೇಟರು ಹಿಡಿದುಕೊಳ್ಳುವಷ್ಟರಲ್ಲಿ ಕೆಲ ಸೆಕೆಂಡು ಹೋಗುತ್ತವೆ. ದೀಪದ ಬೋರ್ಡಿಗೆ ಒಂದು ಯುಪಿಎಸ್ ಕೊಟ್ಟಿರದಿದ್ದರೆ ಅದು ಮತ್ತೆ ಮೊದಲಿಂದ ಶುರುವಾಗಲು ಇನ್ನಷ್ಟು ಹೊತ್ತು ತಿನ್ನುತ್ತದೆ. ಡೀಸೆಲ್ ತುಂಬಿದೆಯೇ ಎಂದು ಕೇಳಿದರೆ ಸಾಲದು, ಮುಚ್ಚಳ ತೆಗೆಸಿ ನೋಡಬೇಕು.

ಮೈಕುಗಳಲ್ಲಿ ಮೂರು ನೆಲದ ಮೇಲೆ, ವೇದಿಕೆಯ ಅಂಚಿನಲ್ಲಿ ಇರಲಿ. ಕೆಳಗೆ ಸ್ಪಂಜಿನ ತುಂಡು ಹಾಸಿ, ಇಲ್ಲದಿದ್ದರೆ ನಟರು ಹೆಜ್ಜೆ ಇಟ್ಟಾಗಲೆಲ್ಲ ಧಬ್ ಧಬ್ ಕೇಳುತ್ತದೆ. ಅವುಗಳ ಹತ್ತಿರದ ಫ್ಯಾನು ಬಂದ್ ಮಾಡಿ.

ಇನ್ನು ಸಭಾ ಕಾರ್ಯಕ್ರಮ. ನಾಟಕ ನೋಡಲು ಬಂದವರಿಗೆ ಒಂದು ತಾಸು ಭಾಷಣ ಕೇಳಿಸುವುದು ನಮ್ಮೂರಿನ ಹಳೆಯ ರೋಗ, ಅದರಿಂದ ನಟರ ಮೈಯ ಬಿಸಿ ಆರಿಹೋಗುತ್ತದೆ. ಸ್ವಾಗತ ಎರಡು ನಿಮಿಷ, ಪುಸ್ತಕ ಬಿಡುಗಡೆ ಮತ್ತು ಅದರ ಬಗ್ಗೆ ಒಬ್ಬರ ಮಾತು ಎಂಟು ನಿಮಿಷ, ಲೇಖಕರು ತಮ್ಮ ಪುಸ್ತಕದಿಂದ ಓದುವುದು ಐದು ನಿಮಿಷ, ಮುಗಿಯಿತು. ವಂದನಾರ್ಪಣೆ, ಶಾಲು, ಫಲ, ನೆನಪಿನ ಕಾಣಿಕೆ ಎಲ್ಲ ನಾಟಕ ಮುಗಿದ ಮೇಲೆ, ನಟರನ್ನೂ ನಿಲ್ಲಿಸಿಕೊಂಡು. ಅತಿಥಿಗಳಿಗೆ ಆಮಂತ್ರಣ ಕೊಡಲು ಹೋದಾಗಲೇ ನಿಮಿಷದ ಲೆಕ್ಕ ವಿನಯದಿಂದ ಹೇಳಿಬಿಡಿ: "ಸರ್, ಎಂಟು ನಿಮಿಷ ನಿಮ್ಮದು, ಆಮೇಲೆ ಪರದೆ ಏಳ್ತದ್ರಿ." ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸಭೆ ಪರದೆಯ ಮುಂದೆಯೇ ನಡೆಯಲಿ. ಮೇಜು, ಸಮೆ (ದೀಪದ ಕಂಬ), ಹೂವಿನ ಕುಂಡ ರಂಗದೊಳಗೆ ಹೋದರೆ ನಟರಿಗೆ ಸುಣ್ಣದಲ್ಲಿ ಹಾಕಿದ ಗುರುತು ಅಳಿಸುತ್ತದೆ. ಹಾರದಿಂದ ಉದುರಿದ ಎಸಳು, ಲೋಟದಿಂದ ಚೆಲ್ಲಿದ ನೀರು ಕಾಲು ಜಾರಿಸುತ್ತವೆ. ಸಮೆ ಹಚ್ಚುವುದಿದ್ದರೆ ಬಾಗಿಲಲ್ಲೇ, ಜನ ಒಳಗೆ ಬರುವಾಗ ಹಚ್ಚಿ.

ಆರೂವರೆಗೆ ಸಭೆ, ಆರು ನಲವತ್ತೈದಕ್ಕೆ ನಾಟಕ ಎಂದು ಎರಡೂ ವೇಳೆಯನ್ನು ಆಮಂತ್ರಣದಲ್ಲಿ ಹಾಕಿಸಿ. ಒಂದೂವರೆ ತಾಸಿನ ನಾಟಕವಾದರೆ ಎಂಟೂಕಾಲಕ್ಕೆ ಮುಗಿಯುತ್ತದೆ. ಹುಬ್ಬಳ್ಳಿಯಿಂದ ಬಂದವರು ಊಟದ ಹೊತ್ತಿಗೆ ಚಿಗರಿ ಬಸ್ಸು ಹಿಡಿದು ಮನೆ ಸೇರುತ್ತಾರೆ, ಮುಂದಿನ ಸಲವೂ ಬರುತ್ತಾರೆ. ಒಂಬತ್ತು ದಾಟಿತೆಂದರೆ ಕೊನೆಯ ಅಂಕದಲ್ಲಿ ಹಿಂದಿನ ಸಾಲುಗಳು ಎದ್ದು ಹೋಗುವುದನ್ನು ನೋಡಬೇಕಾಗುತ್ತದೆ.

ಪುಸ್ತಕದ ಮೇಜನ್ನು ಐದೂವರೆಗೇ ತೆರೆಯಿರಿ. ನಾಟಕ ಬಿಟ್ಟ ಮೇಲೆ ಕೊಳ್ಳುವವರು ಕಡಿಮೆ, ಎಲ್ಲರಿಗೂ ಬಸ್ಸಿನ ಅವಸರ. ನೂರೈವತ್ತು ಜನ ಬರುವ ಸಂಜೆಗೆ ಇಪ್ಪತ್ತೈದು ಶೀರ್ಷಿಕೆ, ತಲಾ ನಾಲ್ಕು ಪ್ರತಿ ಧಾರಾಳವಾಯಿತು. ಬಿಡುಗಡೆಯಾಗುವ ಪುಸ್ತಕ ಮಾತ್ರ ನಲವತ್ತು ತರಿಸಿ. ಆವತ್ತು ಆಡುವ ನಾಟಕದ ಪ್ರತಿ ಇರಲೇಬೇಕು, ಮೊದಲು ಕೇಳುವುದು ಅದನ್ನೇ. ಮಾರಿದ್ದಕ್ಕಷ್ಟೇ ಹಣ, ಉಳಿದದ್ದು ವಾಪಸು ಎಂಬ ಕರಾರಿನ ಮೇಲೆ ತಂದು, ಎಣಿಸಿ ಸಹಿ ಹಾಕಿ. ಮೇಜು ಚಹಾದ ಬದಿಗೆ ಬೇಡ. ಭವನದೊಳಗೆ ನೆಟ್‌ವರ್ಕ್ ಸಿಗದೆ ಫೋನ್‌ಪೇ ತಿರುಗುತ್ತ ನಿಲ್ಲುತ್ತದೆ, ಕ್ಯೂಆರ್ ಹಾಳೆಯನ್ನು ಹೊರಬಾಗಿಲ ಹತ್ತಿರ ಇಡಿ. ಹತ್ತು, ಇಪ್ಪತ್ತರ ನೋಟಿನಲ್ಲಿ ಸಾವಿರ ರೂಪಾಯಿ ಚಿಲ್ಲರೆ ಇರಲಿ.

ಟಿಕೀಟು ಇಡಿ, ಐವತ್ತು ರೂಪಾಯಿಯಾದರೂ. ಪುಕ್ಕಟೆ ನಾಟಕಕ್ಕೆ ಬರುತ್ತೇನೆಂದವರು ಬರುವುದಿಲ್ಲ, ಬಂದವರು ನಡುವೆ ಏಳುತ್ತಾರೆ. ನಾಟಕದ ಪ್ರವೇಶ ದರ ತಲಾ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿಯ ತಾಪತ್ರಯವಿಲ್ಲ. ಪತ್ರಿಕೆಗಳ ಸ್ಥಳೀಯ ಪುಟದ ಕಾರ್ಯಕ್ರಮ ಅಂಕಣಕ್ಕೆ ಮೂರು ದಿನ ಮುಂಚೆ ಅರ್ಧ ಪುಟದ ಟಿಪ್ಪಣಿ ಕೊಡಿ. ಹೆಸರು, ಜಾಗ, ವೇಳೆ, ದರ ಮೊದಲ ಎರಡು ಸಾಲಿನಲ್ಲೇ ಬರಲಿ, ಉಳಿದದ್ದನ್ನು ಅವರು ಕತ್ತರಿಸುತ್ತಾರೆ. ಹಾಸ್ಟೆಲುಗಳ ನೋಟಿಸ್ ಬೋರ್ಡು ಮರೆಯಬೇಡಿ.

ನಟರಿಗೆ ನಾಲ್ಕೂವರೆಗೆ ಉಪ್ಪಿಟ್ಟು, ಬಾಳೆಹಣ್ಣಿನಂಥ ಹಗುರ ತಿನಿಸು, ರೊಟ್ಟಿ ಊಟ ಆಟ ಮುಗಿದ ಮೇಲೆ. ಪ್ರೇಕ್ಷಕರಿಗೆ ಗಿರ್ಮಿಟ್, ಮಿರ್ಚಿ ಕೊಡುವುದಾದರೆ ಆರೂಕಾಲಕ್ಕೆ ಬಂದ್ ಮಾಡಿ, ಪೊಟ್ಟಣ ಒಳಗೆ ಬಿಡಬೇಡಿ. ಕಾಗದದ ಪರಪರ ಸದ್ದು ನೆಲದ ಮೈಕಿಗೆ ಚೆನ್ನಾಗಿ ಸಿಗುತ್ತದೆ.

ಆಟ ಮುಗಿದ ರಾತ್ರಿಯೇ ದೀಪ ಇಳಿಸಿ. ಹ್ಯಾಲೊಜೆನ್ ಬಿಸಿ ಇರುತ್ತದೆ, ಕಾಲು ತಾಸು ಆರಲು ಬಿಟ್ಟು ಕೈಗೆ ಬಟ್ಟೆ ಸುತ್ತಿಕೊಂಡು ಬಿಚ್ಚಬೇಕು. ವೇದಿಕೆ ಗುಡಿಸಿ, ಮೊಳೆ ಆರಿಸಿ, ಭವನದವರನ್ನು ಕರೆದು ತೋರಿಸಿ ಕೀಲಿ ಒಪ್ಪಿಸಿ. ಠೇವಣಿ ಮರಳಿ ಬರಲು ಇದೇ ದಾರಿ. ಉಳಿದ ಪುಸ್ತಕ, ಮಾರಿದ್ದರ ಹಣ ಮರುದಿನ ಮಧ್ಯಾಹ್ನದೊಳಗೆ ಪ್ರಕಾಶಕರಿಗೆ ಮುಟ್ಟಲಿ. ತಡ ಮಾಡಿದವರಿಗೆ ಮುಂದಿನ ಸಲ ಪುಸ್ತಕ ಕೊಡಲು ಅವರು ಹಿಂದೆ ಮುಂದೆ ನೋಡುತ್ತಾರೆ.