ಪಣಜಿಯ ಹಳೇ ಮನೆ ಹೋಟೆಲ್ ಆಗಿದ್ದು: ದುಡ್ಡೆಲ್ಲ ಹೋಗಿದ್ದು ನೀರಿಗೆ

ಪಣಜಿ ಮಾರ್ಕೆಟ್ ಹತ್ರ ನಮ್ದು ಮೊದ್ಲಿಂದ ಇಡ್ಲಿ-ವಡೆ ಹೋಟೆಲ್, ಅಪ್ಪ ಅಂಕೋಲೆಯಿಂದ ಬಂದು ಶುರು ಮಾಡಿದ್ದು. ಆಮೇಲೆ ನಾನು ಪಣಜಿಯದ್ದೇ ಹಳೇ ಏರಿಯಾ ಫೊಂಟೇನ್ಯಾಸ್‌ನಲ್ಲಿ ಪೋರ್ಚುಗೀಸ್ ಕಾಲದ ಒಂದು ಎರಡಂತಸ್ತಿನ ಮನೆ ಲಾಂಗ್ ಲೀಸಿಗೆ ಹಿಡ್ದು ಏಳು ರೂಮಿನ ಬೊಟಿಕ್ ಹೋಟೆಲ್ ಮಾಡ್ದೆ. ಈಗ ಊರ ಕಡೆಯವ್ರು, ಹುಬ್ಬಳ್ಳಿ ಬೆಳಗಾವಿಯವ್ರು ಫೋನ್ ಮಾಡಿ ಕೇಳೋದು ಮೂರೇ ಪ್ರಶ್ನೆ, ಎಷ್ಟು ಬಿತ್ತು, ಪರ್ಮಿಷನ್ ಹೇಗೆ ಸಿಕ್ತು, ಆ ಹಳದಿ ಬಣ್ಣ ಯಾವ ಕಂಪನೀದು. ನೀರಿನ ಬಗ್ಗೆ ಒಬ್ರೂ ಕೇಳಲ್ಲ ಮಾರಾಯ್ರೆ. ಹಾಕಿದ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿದ್ದೇ ನೀರಿಗೆ: ಮೇಲಿಂದ ಬೀಳೋದು, ಕೆಳಗಿಂದ ಏರೋದು, ಇನ್ನು ನಾವೇ ಪೈಪ್ ಹಾಕಿ ಒಳಗೆ ತಂದ್ಕೊಳೋದು.

ಫೊಂಟೇನ್ಯಾಸ್ ನೋಡಿದವ್ರಿಗೆ ಗೊತ್ತಿರುತ್ತೆ, ಒಂದು ಕಡೆ ಆಲ್ತಿನ್ಯೊ ಗುಡ್ಡ, ಇನ್ನೊಂದು ಕಡೆ ಓರೆಂ ಹಳ್ಳ, ಮಧ್ಯದಲ್ಲಿ ಸಣ್ಣ ಸಣ್ಣ ಓಣಿ. ಮೊದ್ಲು ಇದು ತೆಂಗಿನ ತೋಟ ಆಗಿತ್ತು, ಮೊಜಾಂಬಿಕ್‌ನಲ್ಲಿ ದುಡ್ಡು ಮಾಡ್ಕೊಂಡು ಬಂದ ಆಂತೊನಿಯೊ ಜೊವಾಂವ್ ಸಿಕ್ವೇರಾ ಅನ್ನೋರದ್ದು, ಊರವ್ರು ಅವ್ರನ್ನ ಮೊಸ್ಮಿಕಾರ್ ಅಂತಿದ್ರು. 1843ರಲ್ಲಿ ಪಣಜಿ ರಾಜಧಾನಿ ಆಯ್ತು, ಸರ್ಕಾರಿ ಜನ ಇಲ್ಲಿ ಮನೆ ಕಟ್ಟಿಸ್ಕೊಂಡ್ರು. ಗುಡ್ಡದ ಬುಡದಲ್ಲಿ ಒರತೆ ಇದೆ, ಅಂದ್ರೆ ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ನಿಮ್ಮ ಅಡಿಪಾಯದ ಕೆಳಗೇ ಇಳಿದು ಹಳ್ಳಕ್ಕೆ ಹೋಗ್ಬೇಕು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳೋ ಊರು ಇದು, ಅದ್ರಲ್ಲಿ ಹೆಚ್ಚುಕಮ್ಮಿ ಎಲ್ಲಾ ನಾಲ್ಕೇ ತಿಂಗಳಲ್ಲಿ. (ಅಂದಹಾಗೆ ಈ ಏರಿಯಾ ಯುನೆಸ್ಕೋ ಲಿಸ್ಟಲ್ಲಿದೆ ಅಂತ ಎಲ್ರೂ ಬರೀತಾರೆ, ಬ್ರೋಕರ್‌ಗಳು ಅದನ್ನೇ ಹೇಳಿ ರೇಟ್ ಏರಿಸ್ತಾರೆ. ಯುನೆಸ್ಕೋ ಲಿಸ್ಟಿಗೆ 1986ರಲ್ಲಿ ಸೇರಿದ್ದು ಓಲ್ಡ್ ಗೋವಾದ ಚರ್ಚುಗಳು, ಇದಲ್ಲ. ಇದು ರಾಜ್ಯದ ಕನ್ಸರ್ವೇಶನ್ ಝೋನ್, ಅಂದ್ರೆ ಹಳೇ ಕಟ್ಟಡ ಉಳಿಸೋಕೆ ಗುರುತು ಮಾಡಿದ ಜಾಗ.)

ಕಾಗದಪತ್ರದ ಕತೆ ಚಿಕ್ಕದಾಗಿ ಹೇಳ್ಬಿಡ್ತೀನಿ, ಆದ್ರೆ ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ. ಗೋವಾದಲ್ಲಿ ಈಗ್ಲೂ 1867ರ ಪೋರ್ಚುಗೀಸ್ ಸಿವಿಲ್ ಕೋಡಿನ ಪದ್ಧತಿ ಇದೆ, ಗಂಡ-ಹೆಂಡ್ತಿ ಬೇರೆ ಥರ ಒಪ್ಪಂದ ಮಾಡ್ಕೊಂಡಿಲ್ಲ ಅಂದ್ರೆ ಆಸ್ತಿ ಇಬ್ರದ್ದೂ ಜಂಟಿ. ಹಾಗಾಗಿ ಮನೆ ಯಜಮಾನರಿಗೆ ನಾಲ್ಕು ಮಕ್ಳಿದ್ರೆ ನಾಲ್ಕು ಸಹಿ ಅಂದ್ಕೋಬೇಡಿ, ಸೊಸೆ ಅಳಿಯಂದ್ರು ಸೇರಿ ಎಂಟು. ನಮ್ಮ ಮನೆ ವಾರಸುದಾರರಲ್ಲಿ ಕೆಲವ್ರು ಲಿಸ್ಬನ್‌ನಲ್ಲಿ, ಕೆಲವ್ರು ಬಾಂದ್ರಾದಲ್ಲಿ, ಒಬ್ರು ಅಜ್ಜಿ ಮಾತ್ರ ಮನೆಯಲ್ಲಿ. ಎಲ್ರ ಪವರ್ ಆಫ್ ಅಟಾರ್ನಿ ಬರೋವರೆಗೂ ನಾನು ಒಂದು ಹೆಂಚೂ ಮುಟ್ಲಿಲ್ಲ. ಚಲ್ತಾ ನಂಬರ್, ಪಿ.ಟಿ. ಶೀಟ್ ನಂಬರ್ (ಜಾಗ ಗುರುತಿಸೋ ಸರ್ವೆ ನಂಬರುಗಳು) ಸಿಟಿ ಸರ್ವೆಯಲ್ಲಿ ಸಿಗುತ್ತೆ, ಅದಷ್ಟೇ ಸಾಲಲ್ಲ. ಹಳೇ ಲ್ಯಾಂಡ್ ರಿಜಿಸ್ಟ್ರೇಶನ್ ಪುಸ್ತಕದಲ್ಲಿ ಅದೇ ಮನೆ ಪೋರ್ಚುಗೀಸ್‌ನಲ್ಲಿ ಏನಂತ ಬರ್ದಿದೆ, ಮಾತ್ರಿಜ್ (ಹಳೇ ತೆರಿಗೆ ದಾಖಲೆ) ನಂಬರ್ ಏನು, ಎರಡೂ ತಾಳೆ ಆಗುತ್ತಾ, ಇಷ್ಟನ್ನ ಪೋರ್ಚುಗೀಸ್ ಓದೋಕೆ ಬರೋ ಹಳೇ ವಕೀಲ್ರ ಹತ್ರಾನೇ ನೋಡಿಸ್ಬೇಕು, ಅಂಥವ್ರು ಈಗ ಕಮ್ಮಿ ಆಗ್ತಿದಾರೆ. ಕನ್ಸರ್ವೇಶನ್ ಕಮಿಟಿ ಕೇಳಿದ್ದು ಮುಖ್ಯವಾಗಿ ರಸ್ತೆ ಕಡೆ ಮುಖದ ಬಗ್ಗೆ: ಬಾಲ್ಕನಿ, ಕಿಟಕಿ ಅಳತೆ, ಮಾಡಿನ ಇಳಿಜಾರು ಬದಲಾಗ್ಬಾರ್ದು. ನಮಗೂ ಬದಲಾಯಿಸೋದು ಬೇಡ್ವಾಗಿತ್ತು, ಅದಕ್ಕೇ ಅಲ್ಲಿ ಜಾಸ್ತಿ ತಕರಾರು ಆಗ್ಲಿಲ್ಲ. ತಕರಾರು ಆಗಿದ್ದು ಬೇರೆ ಒಂದು ಆಫೀಸಲ್ಲಿ, ಫೈಲ್ ಮೇಲೆ ಫೈಲ್ ಕೂರಿಸ್ಕೊಂಡು. ಅದು ಬಿಡಿ.

ಮೊದ್ಲು ಮಾಡು, ಅಂದ್ರೆ ಛಾವಣಿ. ಯಾರು ಏನೇ ಹೇಳ್ಲಿ, ಒಳಗಿನ ಒಂದು ಮೊಳೆ ಹೊಡೆಯೋಕೂ ಮುಂಚೆ ಮಾಡು ಮುಗೀಬೇಕು, ಜೂನ್ ಒಳಗೆ. ನಮ್ಮದು ಮಂಗಳೂರು ಹೆಂಚು, ಇಳಿಸುವಾಗ ಅಡಿಯಲ್ಲಿ ಕೆಲವಕ್ಕೆ ಬಾಸೆಲ್ ಮಿಷನ್ ಮುದ್ರೆ ಇತ್ತು (ಅವ್ರು ಮಂಗಳೂರಲ್ಲಿ ಹೆಂಚಿನ ಫ್ಯಾಕ್ಟರಿ ಹಾಕಿದ್ದು 1865ರಲ್ಲಿ), ಕೆಲವು ಬೇರೆ ಬೇರೆ ಫ್ಯಾಕ್ಟರೀವು. ಸಮಸ್ಯೆ ಇದ್ದಿದ್ದೇ ಅಲ್ಲಿ. ಒಂದು ಫ್ಯಾಕ್ಟರಿ ಹೆಂಚು ಇನ್ನೊಂದಕ್ಕೆ ಸರಿಯಾಗಿ ಕಚ್ಚಲ್ಲ, ಅಂಚಿನ ಕಚ್ಚಿನಲ್ಲಿ ಕೂದಲೆಳೆ ಸಂದಿ ಉಳಿದ್ರೂ ಗಾಳಿಮಳೆಗೆ ನೀರು ಒಳಗೆ. ಹಾಗಾಗಿ ಎಲ್ಲಾ ಹೆಂಚು ಅಂಗಳದಲ್ಲಿ ಮುದ್ರೆ ನೋಡಿ ಗುಡ್ಡೆ ಮಾಡ್ಸಿ, ಒಂದು ಇಳಿಜಾರಿಗೆ ಒಂದೇ ಜಾತಿ ಹೆಂಚು ಹಾಕಿಸ್ದೆ, ಕಮ್ಮಿ ಬಿದ್ದಿದ್ದು ಮಾಪ್ಸಾ ಕಡೆ ಮನೆ ಕೆಡವ್ತಿದ್ದವ್ರ ಹತ್ರ ತಂದೆ. ರೀಪು ಪೂರ್ತಿ ಹೊಸದು, ಪಕಾಸಿಯಲ್ಲಿ ಒರಲೆ ತಿಂದಿದ್ದು ಮಾತ್ರ ಬದಲಾಯಿಸಿದ್ವಿ, ಹಳೇ ಸಾಗವಾನಿ ಎಸೆಯೋಕೆ ಮನಸ್ಸು ಬರಲ್ಲ, ಬರಲೂಬಾರ್ದು. ಎರಡು ಮಾಡು ಕೂಡೋ ಮೂಲೆಯಲ್ಲಿ ನೀರು ಹರಿಯೋ ತಗಡು ಇರುತ್ತಲ್ಲ, ಅದನ್ನ ಮೊದಲಿಗಿಂತ ಅಗಲ ಮಾಡಿಸಿದ್ವಿ. ಎಲೆ ಕಟ್ಟಿ ನೀರು ಉಕ್ಕೋದು ಅಲ್ಲೇ.

ಇನ್ನು ಗೋಡೆ. ಚಿರೆಕಲ್ಲಿನ (ಕೆಂಪು ಮುರಕಲ್ಲು) ಗೋಡೆ, ಕೆಳಗೆ ಎರಡಡಿ ಹತ್ರ ದಪ್ಪ. ಈ ಹಿಂದೆ ಯಾರೋ ಬಾಡಿಗೆಗೆ ಇದ್ದವ್ರು ಒಳಗಡೆ ಎದೆಮಟ್ಟ ಸಿಮೆಂಟ್ ಪ್ಲಾಸ್ಟರ್ ಮಾಡಿ ಪ್ಲಾಸ್ಟಿಕ್ ಪೇಂಟ್ ಬಳ್ದಿದ್ರು. ಪೇಂಟ್ ಹಪ್ಪಳದ ಥರ ಎದ್ದು ನಿಂತಿತ್ತು. ನಾನು ಗೋವಾದ ಕಂಟ್ರಾಕ್ಟರ್‌ಗಳಿಗೆ ತೋರ್ಸಿದ್ರೆ ಎಲ್ರದ್ದೂ ಒಂದೇ ಉತ್ತರ, ವಾಟರ್‌ಪ್ರೂಫಿಂಗ್ ಕೆಮಿಕಲ್ ಹೊಡ್ದು ಮತ್ತೆ ಸಿಮೆಂಟ್ ಮಾಡೋಣ. ಕೊನೆಗೆ ದಾರಿ ತೋರ್ಸಿದ್ದು ನಮ್ಮ ಹೋಟೆಲ್ಲಿಗೆ ದಿನಾ ಚಹಾಕ್ಕೆ ಬರೋ ವಿಜಯಪುರ ಕಡೆಯ ಒಬ್ರು ವಯಸ್ಸಾದ ಗೌಂಡಿ. ಗೋವಾದಲ್ಲಿ ಮನೆ ಕಟ್ಟೋ ಕೈಗಳಲ್ಲಿ ಎಷ್ಟೊಂದು ನಮ್ಮ ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರದವ್ರದ್ದು, ಬೆಳಿಗ್ಗೆ ಕೂಲಿಯವ್ರು ಸೇರೋ ನಾಕಾದಲ್ಲಿ ನಿಂತ್ರೆ ಕನ್ನಡ ಬಿಟ್ಟು ಬೇರೆ ಕೇಳ್ಸಲ್ಲ. ಕಾಕಾ ಬಂದು ಗೋಡೆಗೆ ಕಿವಿ ಹತ್ರ ಇಟ್ಟು ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋದ್ರು. ಒಂದು ಕಡೆ ಟೊಳ್ಳು ಶಬ್ದ. ಅಲ್ಲಿ ಉಳಿ ಇಟ್ಟು ಒಂದೇ ಏಟು, ಸಿಮೆಂಟು ತಟ್ಟೆಯಷ್ಟಗಲ ಬಿಚ್ಚಿ ಬಂತು, ಹಿಂದಿದ್ದ ಚಿರೆಕಲ್ಲು ಬೆರಳಲ್ಲಿ ಕೆರೆದ್ರೆ ಒದ್ದೆ ಮಣ್ಣಾಗಿ ಉದುರ್ತಿತ್ತು, ಮೇಲೆ ಬಿಳಿ ಉಪ್ಪು.

"ನೋಡ್ರಿ ಸಾವ್ಕಾರ್ರ, ಕಲ್ಲು ನೀರು ಕುಡೀತೈತಿ, ಹೊರಗ ಬಿಡಾಕ ಬಾಯಿ ಕಟ್ಟೀರಿ ನೀವು. ಇದಕ್ಕ ಗಚ್ಚು ಬೇಕ್ರಿ, ಸಿಮೆಂಟ್ ಅಲ್ಲ."

"ಕಾಕಾ, ಸುಣ್ಣದ ಗಚ್ಚು ಮಾಡೋರು ಈಗ ಯಾರಿದಾರೆ?"

"ನಮ್ಮಪ್ಪ ಮಾಡ್ತಿದ್ದ. ಗೋಳಗುಮ್ಮಟ ಏನು ಸಿಮೆಂಟ್‌ನಾಗ ನಿಂತೈತೇನ್ರಿ?"

ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. 1656ರ ಗುಮ್ಮಟ, ಗಚ್ಚಿನ ಮೇಲೇ ನಿಂತಿದೆ. ಪಣಜಿ ಮಾಂಡವಿ ದಂಡೆಯ ಹಳೇ ಸೆಕ್ರೆಟರಿಯೇಟ್ ಕೂಡ ಮೂಲದಲ್ಲಿ ಬಿಜಾಪುರದ ಆದಿಲ್‌ಶಾಹಿ ಅರಮನೆನೇ, ಹಾಗಾಗಿ ವಿಜಯಪುರದವ್ರು ಇಲ್ಲಿಗೆ ಕಟ್ಟಡದ ಕೆಲಸಕ್ಕೆ ಬರೋದು ಹೊಸದೇನಲ್ಲ ಅಂತ ನಾನು ತಮಾಷೆ ಮಾಡ್ತಿರ್ತೀನಿ. ಎಲ್ಲಾ ಸಿಮೆಂಟ್ ಕೀಳಿಸಿದ್ವಿ, ಗೋಡೆ ಒಂದು ಬೇಸಿಗೆ ಪೂರ್ತಿ ಬರೀ ಮೈಯಲ್ಲಿ ಒಣಗ್ಲಿ ಅಂತ ಬಿಟ್ವಿ. ಬ್ಯಾಂಕ್ ಬಡ್ಡಿ ಓಡ್ತಿರುವಾಗ ಸುಮ್ನೆ ಗೋಡೆ ಒಣಗೋದು ನೋಡೋದು ಎಷ್ಟು ಸಂಕಟ ಅಂತ ಹೇಳೋಕಾಗಲ್ಲ, ಆದ್ರೆ ಅಲ್ಲಿ ಅವಸರ ಮಾಡಿದ್ರೆ ಮುಂದಿನ ಮಳೆಗೆ ಅದೇ ಹಪ್ಪಳ. ಸುಣ್ಣ ಗುಂಡಿಯಲ್ಲಿ ಅರಳಿಸಿ ವಾರಗಟ್ಲೆ ನೀರಲ್ಲೇ ಬಿಟ್ಟು, ಮರಳು, ಕೆಳಗಿನ ಥಂಡಿ ಜಾಗಕ್ಕೆ ಸ್ವಲ್ಪ ಇಟ್ಟಿಗೆ ಪುಡಿ, ಅಳಲೆಕಾಯಿ ನೆನೆಸಿದ ನೀರು, ಬೆಲ್ಲ ಹಾಕಿ ಕಲಸಿದ್ದು. ತೆಳ್ಳಗೆ ಒಂದರ ಮೇಲೊಂದು ಪದರ, ಒದ್ದೆ ಗೋಣಿ ಕಟ್ಟಿ ನಿಧಾನ ಒಣಗಿಸ್ಬೇಕು, ಸುಣ್ಣ ಗಟ್ಟಿಯಾಗೋದು ಗಾಳಿಯ ಕಾರ್ಬನ್ ಡೈಆಕ್ಸೈಡ್ ತಗೊಂಡು, ಅದಕ್ಕೆ ತಿಂಗಳುಗಳೇ ಬೇಕು. ಮನೆ ಸುತ್ತ ನೆಲಕ್ಕೆ ಹಾಕಿದ್ದ ಕಾಂಕ್ರೀಟ್ ಕೂಡ ಒಡೆಸಿ, ಗುಡ್ಡದ ಕಡೆ ಗೋಡೆ ಪಕ್ಕ ಜಲ್ಲಿ ತುಂಬಿದ ಕಾಲುವೆ ತೆಗೆಸಿ ಗುಡ್ಡದ ನೀರು ಪಕ್ಕಕ್ಕೆ ತಿರುಗ್ಸಿದ್ವಿ. ಗೋಡೆ ಒಣಗಿದ್ದಕ್ಕೆ ಗಚ್ಚಿಗಿಂತ ಈ ಕಾಲುವೆನೇ ದೊಡ್ಡ ಕಾರಣ ಅಂತ ನನ್ನ ಲೆಕ್ಕ, ಕಾಕಾ ಒಪ್ಪಲ್ಲ.

ಈಗ ಬಾತ್‌ರೂಮ್. ಹಳೇ ಮನೆ ಹೋಟೆಲ್ ಆಗೋದು-ಬಿಡೋದು ತೀರ್ಮಾನ ಆಗೋದೇ ಇಲ್ಲಿ. ಆ ಕಾಲದ ಮನೆಗಳಲ್ಲಿ ಬಚ್ಚಲು ಹಿಂದೆ ಎಲ್ಲೋ ಒಂದು, ಈಗಿನ ಗೆಸ್ಟ್‌ಗೆ ಪ್ರತಿ ರೂಮಿಗೂ ಅಟ್ಯಾಚ್ಡ್ ಬೇಕು, ಬಿಸಿನೀರು ಬೇಕು, ಶವರ್‌ನಲ್ಲಿ ಪ್ರೆಶರ್ ಬೇಕು, ಮೇಲಿನ ನೆಲ ನೋಡಿದ್ರೆ ಮರದ ಹಲಗೆ. ಆರ್ಕಿಟೆಕ್ಟ್ ಮೊದಲ ಡ್ರಾಯಿಂಗ್‌ನಲ್ಲಿ ಹತ್ತು ರೂಮು ಹಾಕಿದ್ರು, ಎಲ್ಲೆಲ್ಲಿ ಮೂಲೆ ಸಿಕ್ತೋ ಅಲ್ಲೆಲ್ಲ ಒಂದೊಂದು ಟಾಯ್ಲೆಟ್. ಸ್ಟ್ರಕ್ಚರಲ್ ಇಂಜಿನಿಯರ್ ತೊಲೆಗಳ ತುದಿ ಗೋಡೆ ಒಳಗೆ ಕೂರೋ ಜಾಗಕ್ಕೆ ಸ್ಕ್ರೂಡ್ರೈವರ್ ಚುಚ್ತಾ ಹೋದ್ರು, ಕೆಲವು ಕಡೆ ಹಿಡಿವರೆಗೂ ಇಳೀತು. ತೊಲೆ ಮಧ್ಯದಲ್ಲಿ ಕಬ್ಬಿಣದಂಗಿರುತ್ತೆ, ತುದಿಯಲ್ಲಿ ಗೋಡೆಯ ಥಂಡಿ ಹೀರಿ ಕೊಳೆತಿರುತ್ತೆ, ಬಣ್ಣ ಹೊಡೆದ್ರೆ ಹೊರಗಿಂದ ಏನೂ ಗೊತ್ತಾಗಲ್ಲ. ಕೊಳೆತಷ್ಟು ಕತ್ತರಿಸಿ ಎರಡೂ ಬದಿ ಸ್ಟೀಲ್ ಪ್ಲೇಟ್ ಕೊಟ್ಟು ಬೋಲ್ಟ್ ಹಾಕಿ ಉದ್ದ ಮಾಡಿದ್ವಿ.

ಆಮೇಲೆ ನಾನು ಒಂದು ನಿಯಮ ಹಾಕಿದೆ, ಮೇಲಿನ ಬಚ್ಚಲು ಕೆಳಗಿನ ಬಚ್ಚಲ ಮೇಲೇ ಬರ್ಬೇಕು, ಎರಡೂ ಹಿಂದಿನ ಹೊರಗೋಡೆಗೆ ಅಂಟಿರ್ಬೇಕು, ಯಾವ ಮಲಗೋ ಕೋಣೆಯ ತಲೆ ಮೇಲೂ ನೀರಿನ ಪೈಪ್ ಹೋಗ್ಬಾರ್ದು. ಹತ್ತು ರೂಮು ಏಳಕ್ಕೆ ಇಳೀತು. ಆರ್ಕಿಟೆಕ್ಟ್ ಮುಖ ಸಪ್ಪಗಾಯ್ತು, ಬ್ಯಾಂಕ್‌ನವ್ರು ಪ್ರಾಜೆಕ್ಟ್ ರಿಪೋರ್ಟ್ ಮತ್ತೆ ಕೇಳಿದ್ರು, ನಾನು ಬಗ್ಗಲಿಲ್ಲ. ಮೇಲಿನ ಬಚ್ಚಲುಗಳ ಭಾರ ಮರದ ಮೇಲೆ ಬೀಳದ ಹಾಗೆ ಪ್ರತ್ಯೇಕ ಸ್ಟೀಲ್ ಫ್ರೇಮ್ ನಿಲ್ಲಿಸಿ, ಗೋಡೆಗೆ ಇಟ್ಟಿಗೆ ಬದಲು ಹಗುರ ಸಿಮೆಂಟ್ ಬೋರ್ಡ್ ಹಾಕಿದ್ವಿ. ಟೈಲ್ಸ್ ಅಂಟಿಸೋ ಮುಂಚೆ ನೆಲದಲ್ಲಿ ನೀರು ಕಟ್ಟಿ ನಿಲ್ಲಿಸಿ ಕೆಳಗೆ ಬಂದು ಟಾರ್ಚ್ ಹಿಡಿದು ನೋಡೋದು, ಇದನ್ನ ಪ್ಲಂಬರ್ ಮಾತಿಗೆ ಬಿಡ್ಬೇಡಿ, ನೀವೇ ನಿಂತು ನೋಡಿ. ಪೈಪ್‌ಗಳನ್ನ ಗೋಡೆ ಕೊರೆದು ಮುಚ್ಚದೆ ಹಿಂದಿನ ಅಂಗಳದ ಕಡೆ ಹೊರಗೇ ಬಿಟ್ಟಿದೀವಿ, ಚೆಂದ ಕಾಣಲ್ಲ, ಲೀಕ್ ಆದ್ರೆ ಐದು ನಿಮಿಷದಲ್ಲಿ ಸಿಗುತ್ತೆ. ಪಣಜಿಯಲ್ಲಿ ಸೀವರೇಜ್ ಲೈನ್ ಇರೋದು ಪುಣ್ಯ, ಟೊಂಕಾದ ಕೊಳಚೆ ಶುದ್ಧೀಕರಣ ಪ್ಲಾಂಟಿಗೆ ಹೋಗುತ್ತೆ. ಗೋವಾದ ಹಳ್ಳಿಗಳಲ್ಲಿ ಹಳೇ ಮನೆ ಹಿಡಿಯೋರು ಸೆಪ್ಟಿಕ್ ಟ್ಯಾಂಕಿಗೆ, ಸೋಕ್‌ಪಿಟ್ಟಿಗೆ ಜಾಗ ಇದೆಯಾ, ಬಾವಿಯಿಂದ ಎಷ್ಟು ದೂರ ಅಂತ ಮೊದ್ಲೇ ನೋಡ್ಕೊಳ್ಳಿ.

ಕರೆಂಟಿನದ್ದು ಅಷ್ಟೇ, ಚಿರೆಕಲ್ಲಿನ ಗೋಡೆ ಕೊರೆಯೋಕೆ ಹೋದ್ರೆ ಉದುರುತ್ತೆ, ಹಾಗಾಗಿ ವೈರಿಂಗ್ ಎಲ್ಲಾ ಅಟ್ಟದಿಂದ ಇಳಿಸಿ ಗೋಡೆ ಮೇಲೆ ಪೈಪಲ್ಲೇ ತಂದ್ವಿ. ಎಸಿ ಔಟ್‌ಡೋರ್ ಯೂನಿಟ್ ಒಂದೂ ರಸ್ತೆಗೆ ಕಾಣಲ್ಲ. ಮರದ ಮನೆ ಆದ್ದರಿಂದ ಫೈರ್ ಎನ್‌ಒಸಿಗೆ ಹಿಂದಿನಿಂದ ಇನ್ನೊಂದು ಮೆಟ್ಟಿಲು ಕೊಡ್ಬೇಕಾಯ್ತು, ಕೊಟ್ವಿ.

ಕಿಟಕಿಗಳಲ್ಲಿ ಕೆಲವಕ್ಕೆ ಗಾಜಿನ ಬದಲು ಸಮುದ್ರದ ಚಿಪ್ಪು, ಮರದ ಪಟ್ಟಿಗಳ ಮಧ್ಯೆ ಕೂರಿಸಿದ್ದು, ಬೆಳಿಗ್ಗೆ ಒಳಗೆ ಹಾಲಿನಂಥ ಬೆಳಕು ಬರುತ್ತೆ. ಆ ಚಿಪ್ಪಿನ ಜೀವಿ ಈಗ ವನ್ಯಜೀವಿ ಕಾಯ್ದೆ ಒಳಗೆ ಬರುತ್ತೆ, ಹೊಸದು ತರೋ ಹಾಗಿಲ್ಲ. ಹಾಗಾಗಿ ಹಿಂದಿನ ಕಿಟಕಿಗಳಲ್ಲಿ ಉಳಿದಿದ್ದ ಚಿಪ್ಪು ಬಿಚ್ಚಿ ಮುಂದಿನವನ್ನ ತುಂಬ್ಸಿ, ಹಿಂದಕ್ಕೆ ಗಾಜು ಹಾಕಿದ್ವಿ.

ಬಣ್ಣ ಕೇಳಿದವ್ರಿಗೆ: ಅದು ಯಾವ ಕಂಪನೀದೂ ಅಲ್ಲ. ಸುಣ್ಣಕ್ಕೆ ಹಳದಿ ಮಣ್ಣು, ಅಂಚಿಗೆ ಬರೀ ಬಿಳಿ ಸುಣ್ಣ, ಕೆಳಗಿನ ಪಟ್ಟಿಗೆ ನಮ್ಮ ಕರಾವಳಿ ದೇವಸ್ಥಾನದ ಗೋಡೆಗಳಲ್ಲಿ ಇರ್ತಾವಲ್ಲ ಆ ಕಾವಿ. ಪೋರ್ಚುಗೀಸ್ ಕಾಲದಲ್ಲಿ ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಮನೆಗೆ ಬಣ್ಣ ಹೊಡೀಲೇಬೇಕಿತ್ತು, ಪೂರ್ತಿ ಬಿಳಿ ಚರ್ಚಿಗೆ ಮಾತ್ರ ಅಂತ ಇಲ್ಲಿ ಹಳಬ್ರು ಹೇಳ್ತಾರೆ. ನಾವೂ ಚೌತಿ ಮುಗಿದು ಮಳೆ ಬಿಟ್ಟ ಮೇಲೆ ಬಳಿಸ್ತೀವಿ. ಪ್ಲಾಸ್ಟಿಕ್ ಪೇಂಟ್ ಆದ್ರೆ ವರ್ಷಾ ವರ್ಷಾ ಬೇಡ ನಿಜ, ಆದ್ರೆ ಗಚ್ಚಿನ ಮೇಲೆ ಅದನ್ನ ಬಳಿಯೋದು ಅಂದ್ರೆ ಕಾಕಾ ಕಿತ್ತ ಸಿಮೆಂಟನ್ನ ಮತ್ತೆ ತಂದು ಮೆತ್ತಿದ ಹಾಗೆ.

ನಡೆಸೋ ವಿಷಯ. ಓಣಿಯಲ್ಲಿ ಪಾರ್ಕಿಂಗ್ ಇಲ್ಲ, ಗೆಸ್ಟ್ ಕಾರು ಹಳ್ಳದ ರಸ್ತೆಯಲ್ಲಿ ಬಿಟ್ಟು ನಡ್ಕೊಂಡು ಬರ್ತಾರೆ, ಬುಕಿಂಗ್‌ನಲ್ಲೇ ದಪ್ಪ ಅಕ್ಷರದಲ್ಲಿ ಹಾಕಿ ಇಲ್ಲಾಂದ್ರೆ ರಿವ್ಯೂನಲ್ಲಿ ಬೈಸ್ಕೊಳ್ತೀರಿ. ಪಕ್ಕದ ಮನೆಯವ್ರು ಮೊದ್ಲೇ ಬಾಗಿಲ ಮುಂದೆ ಫೋಟೋ ಹೊಡ್ಕೊಳೋ ಟೂರಿಸ್ಟ್‌ಗಳಿಂದ ಬೇಸತ್ತಿದಾರೆ, ಹಾಗಾಗಿ ನಮ್ಮಲ್ಲಿ ಮದುವೆ ಶೂಟ್ ಇಲ್ಲ, ಬಾಲ್ಕನಿಯಲ್ಲಿ ಮ್ಯೂಸಿಕ್ ಇಲ್ಲ. ಟೂರಿಸಂ ಇಲಾಖೆ ರಿಜಿಸ್ಟ್ರೇಶನ್ 1982ರ ಕಾಯ್ದೆ ಪ್ರಕಾರ ಆಗ್ಲೇಬೇಕು, ವಿದೇಶಿ ಗೆಸ್ಟ್ ಬಂದ್ರೆ 24 ಗಂಟೆ ಒಳಗೆ ಅವ್ರ ವಿವರದ ಫಾರ್ಮ್ (ಮೊದ್ಲು ಫಾರ್ಮ್ ಸಿ ಅಂತಿದ್ರು) ಆನ್‌ಲೈನ್ ಹಾಕ್ಬೇಕು, ರಿಸೆಪ್ಷನ್ ಹುಡುಗ ಬೇರೆ ಏನು ಮರೆತ್ರೂ ಇದನ್ನ ಮರೀಬಾರ್ದು.

ದುಡ್ಡಿನ ಲೆಕ್ಕ ಹಾಕುವಾಗ ಒಂದು ನೆನಪಿಡಿ, ಕಟ್ಟಡದ ಕೆಲಸಕ್ಕೆ ಕೊಟ್ಟ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗಲ್ಲ, ಅದನ್ನೂ ಖರ್ಚಿಗೇ ಬರ್ಕೊಳ್ಳಿ. ರೂಮ್ ಬಾಡಿಗೆ ದಿನಕ್ಕೆ 7500 ರೂಪಾಯಿ ದಾಟಿದ್ರೆ ಗೆಸ್ಟ್‌ಗೆ 18 ಪರ್ಸೆಂಟ್ ಬೀಳುತ್ತೆ, ಕೆಳಗಿದ್ರೆ 2025ರ ಸೆಪ್ಟೆಂಬರ್‌ನಿಂದ 5. ನಾವು ಡಿಸೆಂಬರ್ ಕೊನೇ ವಾರ ಬಿಟ್ರೆ ಗೆರೆ ದಾಟಲ್ಲ. ಜುಲೈ-ಆಗಸ್ಟಲ್ಲಿ ರೇಟ್ ಇಳಿಸ್ತೀವಿ ಮತ್ತೆ ಕೆಳಗಿನ ಎರಡು ರೂಮು ಕೊಡೋದೇ ಇಲ್ಲ, ಥಂಡಿ ಹೋಗ್ಲಿ ಅಂತ ಕಿಟಕಿ ತೆರೆದು ಫ್ಯಾನ್ ಹಾಕಿ ಬಿಟ್ಟಿರ್ತೀವಿ. ಆ ರೂಮುಗಳ ಬಾಡಿಗೆ ಇಲ್ದೇ ವರ್ಷದ ಲೆಕ್ಕ ಸರಿಹೋಗುತ್ತಾ ಅಂತ ನೋಡ್ಕೊಂಡೇ ನಾನು ಲೀಸ್ ಬಾಡಿಗೆಗೆ ಒಪ್ಪಿದ್ದು.