ಅಜ್ಜನ ಟ್ರಂಕಿನ ನಾಲ್ಕು ಪದಕ

ನಮ್ಮದು ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ಹಳ್ಳಿ. ಅಜ್ಜ 1966ರಲ್ಲಿ ಬೆಳಗಾವಿಗೆ ಹೋಗಿ ಮರಾಠಾ ಲೈಟ್ ಇನ್‌ಫೆಂಟ್ರಿ ಸೇರಿದರು. ನಮ್ಮ ಕಡೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಹಾಗಾಗಿ ಪಲ್ಟನ್ನಿನ ಮಾತು ಅವರಿಗೆ ಹೊಸದೇನಲ್ಲ. ಹದಿನೈದು ವರ್ಷ ದುಡಿದು, ನಾಯಕ್ ದರ್ಜೆಗೆ ಏರಿ ಊರಿಗೆ ಬಂದು, ತೊಗರಿ ಬೆಳೆದುಕೊಂಡಿದ್ದರು.

ಅವರ ಪದಕಗಳು ಕಬ್ಬಿಣದ ಟ್ರಂಕಿನಲ್ಲಿ ಇರುತ್ತಿದ್ದವು. ವರ್ಷಕ್ಕೊಮ್ಮೆ ದಸರಾಕ್ಕೆ ಹೊರಗೆ ಬರುತ್ತಿದ್ದವು. ಅಜ್ಜಿ ತಾಮ್ರದ ಕೊಡದ ಜೊತೆ ಅವನ್ನೂ ಹುಣಸೆಹಣ್ಣು, ಒಲೆಯ ಬೂದಿ ಹಚ್ಚಿ ಗಸಗಸ ಉಜ್ಜುತ್ತಿದ್ದರು. ಕುಡುಗೋಲು, ಕುಂಟೆಯ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿ, ಬನ್ನಿ ಎಲೆ ಏರಿಸುತ್ತಿದ್ದರು. ಅಜ್ಜ ದೂರ ಕೂತು ನೋಡುತ್ತಿದ್ದರು. ಏನೂ ಹೇಳುತ್ತಿರಲಿಲ್ಲ.

ಅಜ್ಜ ಹೋದ ಮೇಲೆ ಟ್ರಂಕು ನನ್ನ ಪಾಲಿಗೆ ಬಂತು. ಒಬ್ಬರು ಸಂಬಂಧಿಕರು, "ಬೆಳ್ಳಿ ಇರಬೇಕು, ಅಕ್ಕಸಾಲಿಗನಿಗೆ ತೋರಿಸು" ಅಂದರು. ಬೆಳ್ಳಿ ಅಲ್ಲ. 1971ರ ಯುದ್ಧದ ಸಂಗ್ರಾಮ್ ಪದಕ ತಾಮ್ರ-ನಿಕಲ್ ಬೆರೆಸಿ ಮಾಡಿದ್ದು. ಪೂರ್ವಿ ಸ್ಟಾರ್ ಕಂಚಿನ ಬಣ್ಣದ ನಕ್ಷತ್ರ, ಅದು ಆ ಯುದ್ಧದಲ್ಲಿ ಪೂರ್ವದ ರಣರಂಗದಲ್ಲಿ, ಅಂದರೆ ಈಗಿನ ಬಾಂಗ್ಲಾದೇಶದ ಕಡೆ, ಇದ್ದವರಿಗೆ ಮಾತ್ರ. ಇನ್ನೊಂದು 1972ರಲ್ಲಿ ಸ್ವಾತಂತ್ರ್ಯದ 25ನೇ ವರ್ಷಕ್ಕೆ ಕೊಟ್ಟಿದ್ದು. ನಾಲ್ಕನೆಯದು ಒಂಬತ್ತು ವರ್ಷದ ಸೇವೆಯದು. ತೂಕಕ್ಕೆ ಹಾಕಿದರೆ ಏನೂ ಬರುವುದಿಲ್ಲ. ಆದರೆ ಇವುಗಳ ಮೇಲೆ ಅಜ್ಜನ ಹೆಸರಿದೆ.

ನಾನು ಮೊದಲು ಮಾಡಿದ್ದು ದೊಡ್ಡ ತಪ್ಪು. ಪೇಟೆಯ ಒಂದು ಫ್ರೇಮ್ ಅಂಗಡಿಗೆ ನಾಲ್ಕನ್ನೂ ಕೊಟ್ಟು ಬಂದೆ. ಅವರು ಕೆಂಪು ಮಖಮಲ್ ಬಟ್ಟೆ ಮೇಲೆ ಬಿಳಿ ಅಂಟು ಸುರಿದು ಅಂಟಿಸಿದ್ದರು. ಅದನ್ನು ಕಿಟಕಿಯ ಎದುರು ಗೋಡೆಗೆ ತೂಗು ಹಾಕಿದೆ. ಎಂಟು ತಿಂಗಳಲ್ಲಿ ರಿಬ್ಬನ್‌ಗಳ ಬಣ್ಣ ಬಿಸಿಲಿಗೆ ಇಳಿಯಿತು. ಒಂದು ಪದಕದ ಅಂಚಿನಲ್ಲಿ ಹಸಿರು ಕಿಲುಬು ಕಾಣಿಸಿತು. ಆ ದಿನ ಊಟ ಸೇರಲಿಲ್ಲ.

ಬಿಡಿಸುವಾಗ ಎಳೆಯಲಿಲ್ಲ. ಬ್ಲೇಡಿನಿಂದ ಮಖಮಲ್ಲನ್ನೇ ಹಲಗೆಯಿಂದ ಕತ್ತರಿಸಿದೆ. ಆಮೇಲೆ ಪದಕ ಮತ್ತು ಬಟ್ಟೆಯ ನಡುವೆ ತೆಳ್ಳಗಿನ ನೈಲಾನ್ ದಾರ ತೂರಿಸಿ, ಗರಗಸದ ಹಾಗೆ ಮೆಲ್ಲಗೆ ಆಡಿಸಿದೆ. ಉಳಿದ ಅಂಟಿಗೆ ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರು. ಹತ್ತಿ ಸುತ್ತಿದ ಕಡ್ಡಿಯನ್ನು ಅದರಲ್ಲಿ ಅದ್ದಿ ಒತ್ತಿ ಹಿಡಿದರೆ ಅಂಟು ಮೆತ್ತಗಾಗುತ್ತದೆ, ಒರೆಸಬಹುದು. ರಿಬ್ಬನ್‌ಗೆ ಮಾತ್ರ ಒಂದು ಹನಿಯೂ ತಾಗಬಾರದು, ಬಣ್ಣ ಹರಡುತ್ತದೆ. ಒಂದೊಂದು ಪದಕಕ್ಕೆ ಒಂದೊಂದು ಸಂಜೆ ಹಿಡಿಯಿತು.

ಆಮೇಲೂ ಪದಕಗಳು ಮಬ್ಬಾಗಿಯೇ ಇದ್ದವು. ಹಿತ್ತಾಳೆ ಪಾಲಿಶ್ ಹಚ್ಚೋಣ ಅನ್ನಿಸಿತು. ಅದಕ್ಕೆ ಮೊದಲು ಬೀದರ್‌ನ ಚೌಬಾರಾ ಹತ್ತಿರ ಬಿದ್ರಿ ಕೆಲಸ ಮಾಡುವ ಒಬ್ಬ ಹಿರಿಯರಿಗೆ ತೋರಿಸಿದೆ. ಸತು-ತಾಮ್ರದ ಪಾತ್ರೆಗೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು, ನವಸಾಗರ ಹಚ್ಚಿ ಕಪ್ಪು ಮಾಡುವ ಕೈ ಅದು. ಲೋಹದ ಬಣ್ಣ ಅವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಅವರು ಪದಕವನ್ನು ಬಿಸಿಲಿಗೆ ಓರೆಯಾಗಿ ಹಿಡಿದು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. "ಇಲ್ಲಿ ಅಕ್ಷರ ಅದಾವ. ಉಜ್ಜಿ ಉಜ್ಜಿ ಅರ್ಧ ಹೋಗ್ಯಾವ. ಇನ್ನ ಉಜ್ಜಿದ್ರ ಹೆಸರೇ ಹೋಗ್ತದ. ಕರಿ ಇರ್ಲಿ ಬಿಡ್ರಿ" ಅಂದರು.

ನನಗೆ ಎದೆ ಧಸಕ್ಕೆಂದಿತು. ನಮ್ಮ ಸೇನೆಯ ದುಂಡನೆ ಪದಕಗಳ ಅಂಚಿನಲ್ಲಿ ಸೈನಿಕನ ನಂಬರು, ಹುದ್ದೆ, ಹೆಸರು, ರೆಜಿಮೆಂಟು ಕೊರೆದಿರುತ್ತದೆ. ನಕ್ಷತ್ರವಾದರೆ ಹಿಂಬದಿಯಲ್ಲಿ. ಭೂತಗನ್ನಡಿ ಹಿಡಿದು ನೋಡಿದರೆ ಅಜ್ಜನ ನಂಬರಿನ ಕೊನೆಯ ಎರಡು ಅಂಕಿ ನಾಲ್ಕರಲ್ಲೂ ಸವೆದಿದ್ದವು. ಅಜ್ಜಿ ಪ್ರೀತಿಯಿಂದಲೇ ಉಜ್ಜಿದ್ದು, ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ಅವತ್ತಿನಿಂದ ಪಾಲಿಶ್ ಮಾತು ಎತ್ತಿಲ್ಲ. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸುತ್ತೇನೆ, ಅಷ್ಟೇ.

ಆ ಎರಡು ಅಂಕಿ ಸಿಕ್ಕಿದ್ದು ಟ್ರಂಕಿನಲ್ಲೇ. ಹೊರಗೆ ಅಪ್ಪ ಹಸಿರು ಬಣ್ಣ ಬಳಿಸಿದ್ದರು. ಮುಚ್ಚಳದ ಒಳಮೈಯಲ್ಲಿ ಅಜ್ಜ ಬಿಳಿ ಬಣ್ಣದಲ್ಲಿ ಬರೆದಿದ್ದ ನಂಬರು ಹಾಗೇ ಇತ್ತು. ಅದನ್ನೂ ಪಿಂಚಣಿ ಆದೇಶದ ಪ್ರತಿಯನ್ನೂ ಸೇರಿಸಿ ಬೆಳಗಾವಿಯ ರೆಕಾರ್ಡ್ ಆಫೀಸಿಗೆ ಪತ್ರ ಬರೆದೆ. ಮೂರು ತಿಂಗಳಿಗೆ ಉತ್ತರ ಬಂತು. ನಾಲ್ಕೂ ಪದಕ ಅವರ ಹೆಸರಿನಲ್ಲೇ ದಾಖಲಾಗಿವೆ. ಒಂದನೇ ಬೆಟಾಲಿಯನ್, ಜಂಗಿ ಪಲ್ಟನ್. ಅಂದರೆ 1971ರಲ್ಲಿ ಈಗಿನ ಬಾಂಗ್ಲಾದೇಶದ ಜಮಾಲ್‌ಪುರದಲ್ಲಿ ಕಾದಾಡಿದ ಪಲ್ಟನ್.

ಅದೇ ಪಲ್ಟನ್ನಿನಲ್ಲಿದ್ದ ಅಜ್ಜನ ಗೆಳೆಯರೊಬ್ಬರು ಕಲಬುರಗಿಯಲ್ಲಿದ್ದಾರೆ. ವಯಸ್ಸು ಎಪ್ಪತ್ತೈದು ದಾಟಿದೆ. ಪ್ರತಿ ಆಗಸ್ಟ್ 15ಕ್ಕೆ ಅವರಿಗೆ ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಯುತ್ತಾರೆ. ಅದು ಬೇಡ ಅಂತಲ್ಲ. ಆದರೆ ಯಾರೂ ಪಕ್ಕದಲ್ಲಿ ಕೂತು ಕೇಳಿಲ್ಲ. "ಯುದ್ಧ ಹೇಗಿತ್ತು?" ಅಂತ ನಾನೂ ಕೇಳಿದೆ. "ಛಲೋ ಇತ್ತು" ಅಂದು ಸುಮ್ಮನಾದರು. ಆಮೇಲೆ ಪೂರ್ವಿ ಸ್ಟಾರ್ ಅವರ ಅಂಗೈಯಲ್ಲಿ ಇಟ್ಟು, "ಅವತ್ತು ಬೆನ್ನ ಮೇಲೆ ಏನೇನು ಹೊತ್ತಿದ್ದಿರಿ?" ಅಂದೆ. ಆಗ ಮಾತು ಬಂತು. ಎರಡು ತಾಸು.

ಬ್ರಹ್ಮಪುತ್ರ ದಾಟಿ ಜಮಾಲ್‌ಪುರದ ಬೆನ್ನಿಗೆ ಹೋಗಿದ್ದು, ಢಾಕಾ ಕಡೆಯ ದಾರಿ ಕಟ್ಟಿ ಕೂತಿದ್ದು ಹೇಳಿದರು. ಶರಣಾಗಿ ಅಂತ ನಮ್ಮ ಬ್ರಿಗೇಡಿಯರ್ ಕ್ಲೇರ್ ಪತ್ರ ಕಳಿಸಿದರೆ, ಪಾಕಿಸ್ತಾನದ ಕಡೆಯ ಕರ್ನಲ್ ಉತ್ತರದ ಕಾಗದದಲ್ಲಿ ಒಂದು ಗುಂಡು ಸುತ್ತಿ ಕಳಿಸಿದ. 1971ರ ಡಿಸೆಂಬರ್ 10ರ ರಾತ್ರಿ ಪಾಕಿಸ್ತಾನದವರು ನಮ್ಮವರ ಸಾಲು ಮುರಿದು ಹೋಗಲು ನೋಡಿದರು. ಪಲ್ಟನ್ ಅಲುಗಲಿಲ್ಲ. ಇಷ್ಟು ಇತಿಹಾಸದಲ್ಲೂ ಸಿಗುತ್ತದೆ. ಸಿಗದ ಮಾತು ಇದು: "ಭಾಳ ಥಂಡಿ ಇತ್ತು. ನನಗ ಜ್ವರ. ನಿಮ್ಮ ಅಜ್ಜ ತನ್ನ ಕಂಬಳಿ ನನಗ ಹೊಚ್ಚಿ, ತಾನು ಹಂಗೇ ಕುಂತಿದ್ದ." ಅಜ್ಜ ಇದನ್ನು ನಮಗೆ ಯಾವತ್ತೂ ಹೇಳಿರಲಿಲ್ಲ. ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಬರೆದು, ಕಾಗದವನ್ನು ಪದಕದ ಜೊತೆಗೇ ಇಟ್ಟಿದ್ದೇನೆ.

ಈಗ ಗೋಡೆಯ ಮೇಲಿರುವುದು ಬೆಳಗಾವಿಯಲ್ಲಿ ಮಾಡಿಸಿದ ನಕಲು ಪದಕಗಳು. ಮಗ ಜನವರಿ 26ಕ್ಕೆ ಹಾಕಿಕೊಳ್ಳುವುದೂ ಅವನ್ನೇ, ಅದೂ ಬಲ ಎದೆಗೆ. ಎಡ ಎದೆ ಗಳಿಸಿದವರದು, ಅಲ್ವಾ? ಅಸಲಿ ಪದಕಗಳು ಆಮ್ಲವಿಲ್ಲದ ಕಾಗದದಲ್ಲಿ ಬೇರೆ ಬೇರೆ ಸುತ್ತಿ, ಅಂಥದ್ದೇ ರಟ್ಟಿನ ಡಬ್ಬಿಯಲ್ಲಿವೆ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ರಬ್ಬರ್ ಬ್ಯಾಂಡ್, ಪಿವಿಸಿ ಕವರ್, ನುಸಿಗುಳಿಗೆ ಯಾವುದನ್ನೂ ಹತ್ತಿರ ಬಿಡುವುದಿಲ್ಲ. ಹಳೆ ರಿಬ್ಬನ್ ಬಿಸಾಡಿ ಹೊಸದು ಹಾಕಿಸಿ ಅಂತ ಜಾಸ್ತಿ ಜನ ಹೇಳಿದರು. ನಾನು ಹಾಕಿಸಲಿಲ್ಲ. ಸಂಗ್ರಾಮ್ ಪದಕದ ರಿಬ್ಬನ್ ಮೇಲೆ ಅಜ್ಜಿಯ ಬೆರಳಗಲ ಕುಂಕುಮದ ಕಲೆ ಇದೆ. ಅದನ್ನೂ ತೆಗೆದಿಲ್ಲ.

ದಸರಾಕ್ಕೆ ಈಗಲೂ ಪೂಜೆ ಆಗುತ್ತದೆ. ಅಮ್ಮ ಡಬ್ಬಿ ತೆರೆಯುವುದಿಲ್ಲ. ಮುಚ್ಚಳದ ಮೇಲೆ ಒಂದು ತಟ್ಟೆ ಇಟ್ಟು, ಕುಂಕುಮ, ಬನ್ನಿ ಎರಡನ್ನೂ ಅದರಲ್ಲೇ ಹಾಕುತ್ತಾರೆ.