ಕ್ವಾರ್ಟ್ಜ್ ಟ್ಯೂಬ್, ವೈಪರ್ ಮೋಟರ್ ಮತ್ತು ನನ್ನ ಸೆಲೆನೈಡ್ ಗಾಜು

ತುಮಕೂರಿನ ಅಂತರಸನಹಳ್ಳಿಯ ಶೆಡ್ಡಿನಲ್ಲಿ ಇನ್‌ಫ್ರಾರೆಡ್ ಗಾಜು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ದಾಟಿಸುವ ಗಾಜು) ಮಾಡುತ್ತೇನೆ ಅಂದಾಗ ಗೊತ್ತಿದ್ದವರೆಲ್ಲ ಒಂದೇ ಮಾತು ಹೇಳಿದರು: ಗ್ಲೋವ್ ಬಾಕ್ಸ್ (ಗಾಳಿ, ತೇವ ಒಳಬರದ ಪೆಟ್ಟಿಗೆ) ಇಲ್ಲದೆ ಆಗಲ್ಲ. ಆಯಿತು. ಗಾಜಿನ ಸರಳು ಈಗ ಮೇಜಿನ ಮೇಲಿದೆ, ಕಪ್ಪಗೆ, ಮುಖ ಕಾಣುವಷ್ಟು ಹೊಳಪು.

ಬೆರಕೆ ಇಷ್ಟೇ, ನೂರು ಪರಮಾಣುವಿಗೆ ಜರ್ಮೇನಿಯಂ 28, ಆಂಟಿಮನಿ 12, ಸೆಲೆನಿಯಂ 60. ಆರ್ಸೆನಿಕ್ ಸಹವಾಸವೇ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ದುಡ್ಡೆಲ್ಲ ನುಂಗಿದ್ದು ಜರ್ಮೇನಿಯಂ ಮತ್ತು ಕ್ವಾರ್ಟ್ಜ್ ಟ್ಯೂಬು. ಒಂದು ಆಂಪ್ಯೂಲ್ (ಸಾಮಾನು ತುಂಬಿ ಸೀಲ್ ಮಾಡಿದ ಕ್ವಾರ್ಟ್ಜ್ ಟ್ಯೂಬು) ಸಿಡಿದರೆ ಐದಾರು ಸಾವಿರ ಹೋಯಿತು ಅಂತಲೇ ಲೆಕ್ಕ, ಶುರುವಿನಲ್ಲಿ ಸಿಡಿದದ್ದೇ ಜಾಸ್ತಿ. ಸೆಲೆನಿಯಂ 685 ಡಿಗ್ರಿಗೇ ಕುದಿಯುತ್ತದೆ, ಜರ್ಮೇನಿಯಂ ಕರಗುವುದು 938ಕ್ಕೆ, ನಡುವೆ ಒತ್ತಡ ಏರಿ ಟ್ಯೂಬ್ ಪಟ್ ಅನ್ನುತ್ತದೆ. ಗಂಟೆಗೆ 50-60 ಡಿಗ್ರಿಗಿಂತ ಜೋರಾಗಿ ಏರಿಸುವುದು ಬಿಟ್ಟೆ. 600ರ ಹತ್ತಿರ ರಾತ್ರಿಯಿಡೀ ನಿಲ್ಲಿಸಿ, ಸೆಲೆನಿಯಂ ಜರ್ಮೇನಿಯಂ ಜೊತೆ ಕೂಡಿಕೊಳ್ಳುವವರೆಗೆ ಕಾದು, ಆಮೇಲೆ 900ರ ಆಸುಪಾಸಿಗೆ ಒಯ್ದೆ. ಸಿಡಿಯುವುದು ನಿಂತಿತು.

ಕರಗಿದ್ದು ಚೆನ್ನಾಗಿ ಬೆರೆಯಲಿ ಅಂತ ಕುಲುಮೆಯನ್ನು ತೊಟ್ಟಿಲಿನಂತೆ ತೂಗಿಸುವುದಕ್ಕೆ ಹಳೇ ಬಸ್ಸಿನ ವೈಪರ್ ಮೋಟರ್, ಗುಜರಿಯಲ್ಲಿ ಮುನ್ನೂರೋ ಮುನ್ನೂರೈವತ್ತೋ ಕೊಟ್ಟೆ. ಕರೆಂಟ್ ಹೋದರೂ ತೂಗುವುದು ನಿಲ್ಲಬಾರದು, ಹಾಗಾಗಿ ಮೋಟರನ್ನು ಬ್ಯಾಟರಿಗೇ ಹಾಕಿಬಿಟ್ಟೆ. ಇದೇ ಕುಲುಮೆಯಲ್ಲಿ ಸುಮ್ನೆ ಒಮ್ಮೆ ಟೆಲ್ಯುರೈಟ್ (ಟೆಲ್ಯುರಿಯಂ ಆಕ್ಸೈಡಿನ ಗಾಜು) ಕೂಡ ಕರಗಿಸಿದೆ. ಗಾಳಿಯಲ್ಲೇ ಆಗುತ್ತದೆ, ಬಲು ಸುಲಭ, ಆದರೆ 6 ಮೈಕ್ರಾನ್ ತರಂಗಾಂತರ ದಾಟಿದ ಬೆಳಕನ್ನು ಅದು ಬಿಡಲ್ಲ, ನನ್ನ ಕೆಲಸಕ್ಕೆ ಆಗಲಿಲ್ಲ.

ನಿಜವಾಗಿ ಸತಾಯಿಸಿದ್ದು ಗಾಜಿನೊಳಗೆ ಉಳಿದುಬಿಡುವ ಆಕ್ಸಿಜನ್. ಬೆಂಗಳೂರಿನಲ್ಲಿ ಸ್ಪೆಕ್ಟ್ರಮ್ (ಯಾವ ತರಂಗಾಂತರದ ಬೆಳಕು ಎಷ್ಟು ದಾಟುತ್ತದೆ ಎಂಬ ಗ್ರಾಫ್) ತೆಗೆಸಿದರೆ 12.8 ಮೈಕ್ರಾನ್ ಹತ್ತಿರ ಪ್ರತಿ ಸಲವೂ ದೊಡ್ಡ ಗುಂಡಿ, ಅಲ್ಲಿ ಆಕ್ಸಿಜನ್ನಿನಿಂದಾಗಿ ಗಾಜು ಬೆಳಕು ನುಂಗುತ್ತದೆ. ಇನ್ನೂ ಶುದ್ಧ ಸೆಲೆನಿಯಂ ತಗೊಳ್ಳಿ ಅಂದರು. ನಾನು ಅದೇ ಸೆಲೆನಿಯಂ ಇಟ್ಟುಕೊಂಡೆ, ಸೀಲ್ ಮಾಡುವ ಮೊದಲು ವ್ಯಾಕ್ಯೂಮಿನಲ್ಲೇ ಬಿಸಿ ಮಾಡಿ ತೇವ ಓಡಿಸಿದೆ, ಆಕ್ಸಿಜನ್ ಹಿಡಿದುಕೊಳ್ಳಲಿ ಅಂತ ಚೂರು ಮೆಗ್ನೀಸಿಯಂ ಹಾಕಿ ಕರಗಿಸಿ ಒಮ್ಮೆ ಬಟ್ಟಿ ಇಳಿಸಿದೆ. ಗುಂಡಿ ಹೆಚ್ಚುಕಮ್ಮಿ ಮುಚ್ಚಿತು. ಎಷ್ಟು ಮೆಗ್ನೀಸಿಯಂ, ಯಾವ ಕೋನದಲ್ಲಿ ಬಿಸಿ ಟ್ಯೂಬ್ ಹಿಡಿದು ತಣಿಸಲು ನೀರಿಗೆ ಇಳಿಸಿದೆ, ಅದು ನನ್ನ ಹತ್ತಿರವೇ ಇರಲಿ.

ಬೆಳಕು ಜೋರಾದಾಗ ಗಾಜಿನ ವಕ್ರೀಭವನ ಎಷ್ಟು ಬದಲಾಗುತ್ತದೆ ಅಂತ, ಲೇಸರಿನ ಫೋಕಸ್ಸಿನ ಮೂಲಕ ಗಾಜು ಸರಿಸಿ ಅಳೆಯುವುದೇ ಝಡ್-ಸ್ಕ್ಯಾನ್; ಅದರ ಬಗ್ಗೆಯೂ ಕೆಲವರಿಗೆ ಅನುಮಾನ ಬಂತು, ಅದು ಬರೀ ಗಾಜು ಬಿಸಿಯಾಗಿ ಲೆನ್ಸಿನಂತೆ ಬೆಳಕು ಬಾಗಿಸುವುದು ಅಲ್ವಾ ಅಂತ. ನಿರಂತರ ಹಸಿರು ಲೇಸರಿನಲ್ಲಿ ಅಳೆದರೆ ಹೌದು, ಸಿಗುವುದು ಬಿಸಿಯೇ. ನಾನು ಅಳೆಸಿದ್ದು 1550 ನ್ಯಾನೋಮೀಟರಿನಲ್ಲಿ, ಅತಿ ಚಿಕ್ಕ ಫೆಮ್ಟೋಸೆಕೆಂಡ್ ಪಲ್ಸ್, ಬಿಸಿ ಕೂಡಿಬರದಂತೆ ಪಲ್ಸಿನಿಂದ ಪಲ್ಸಿಗೆ ಸಾಕಷ್ಟು ಬಿಡುವು ಕೊಟ್ಟು. ವಕ್ರೀಭವನದ ಆ ಬದಲಾವಣೆ ಸಿಲಿಕಾ ಗಾಜಿಗಿಂತ ಮುನ್ನೂರು ಪಟ್ಟಿನ ಹತ್ತಿರ ಬಂತು. 1064 ನ್ಯಾನೋಮೀಟರಿನಲ್ಲಿ ಎರಡು-ಫೋಟಾನ್ ಹೀರಿಕೆ (ಗಾಜು ಎರಡು ಬೆಳಕಿನ ಕಣ ಒಟ್ಟಿಗೆ ನುಂಗುವುದು) ಜೋರು, ಅಲ್ಲಿ ಓಪನ್ ಅಪರ್ಚರ್ ಓಟ (ಆ ಹೀರಿಕೆಯನ್ನಷ್ಟೇ ಅಳೆಯುವ ಸುತ್ತು) ಬಿಟ್ಟು ತೆಗೆದ ಅಂಕಿಯನ್ನು ನಾನಂತೂ ನಂಬಲ್ಲ.